ಕೆಳರೆಪ್ಪೆಯ ಸುಳ್ಳು

ಟಾರೂಮ್, ಕ್ವೀನ್ಸ್‌ಲ್ಯಾಂಡ್
ಆಗಸ್ಟ್ 3, 1979, ಶುಕ್ರವಾರ

ನನ್ನ ನೋಲಾ,

ನಿನ್ನ ಸೊಂಟನೋವು ಹೇಗಿದೆ? ಕೂಸನ್ನು ಹಗಲೆಲ್ಲ ಎತ್ತಿಕೊಂಡು ಓಡಾಡಬೇಡ, ಹೆತ್ತವಳು ನಮ್ಮ ಮಗಳು ಗ್ವೆಂಡಾ, ನೀನಲ್ಲ. ಅವಳಿಗೆ ಜ್ವರ ಬಿಟ್ಟಿತೇ? ಮೊಮ್ಮಗನಿಗೆ ನನ್ನ ಕಿವಿಯೇ ಬಂದಿದೆ ಎಂದು ನೀನು ಬರೆದಿದ್ದೆ. ಪಾಪ, ಬೇರೇನಾದರೂ ಬರಬಾರದಿತ್ತೇ! ನಾನು ಕುರಿಮಾಂಸ, ಆಲೂಗಡ್ಡೆ ಬೇಯಿಸಿಕೊಂಡು ತಿನ್ನುತ್ತಿದ್ದೇನೆ, ಸೊರಗಿಲ್ಲ. ಫೋನ್ ಮಾಡದೆ ಕಾಗದ ಯಾಕೆ ಎನ್ನುತ್ತೀಯ. ನಮ್ಮದು ಐದು ಮನೆಗೆ ಸೇರಿ ಒಂದೇ ಫೋನ್ ಲೈನು, ನಾನು ಕೆಮ್ಮಿದರೂ ಊರಿಗೆಲ್ಲ ಸುದ್ದಿ. ಅಲ್ಲದೆ ನೀನು ನಡುವೆ ಬಾಯಿ ಹಾಕಿದರೆ ನನ್ನ ಧೈರ್ಯ ಜಾರಿಹೋಗುತ್ತದೆ.

ಕ್ರಿಸ್‌ಮಸ್ ಹೊತ್ತಿಗೆ ನನ್ನ ಎಡಗಣ್ಣಿನ ಕೆಳರೆಪ್ಪೆಯಲ್ಲಿ ಗುಳ್ಳೆ ನೋಡಿದವಳು ನೀನು. ಮುಖ ಒರೆಸಿದಾಗೆಲ್ಲ ಟವೆಲ್ಲಿಗೆ ರಕ್ತದ ಚುಕ್ಕೆ ಹತ್ತುತ್ತಿತ್ತು. ಡಾಕ್ಟರ ಹತ್ತಿರ ಹೋಗು ಎಂದು ಆಣೆ ಹಾಕಿಸಿ ಕಳಿಸಿದೆ. ನೋಲಾ, ನಾನು ಅವತ್ತು ಹೋಗಲಿಲ್ಲ. ದನದ ಸಂತೆಯಲ್ಲಿ ಸುತ್ತಾಡಿ, ಎರಡು ಬಿಯರ್ ಕುಡಿದು ಬಂದು, ಅದು ಬರೀ ಕುರು ಅಂತೆ, ಬಿಸಿನೀರಿನ ಶಾಖ ಕೊಡಬೇಕಂತೆ ಎಂದುಬಿಟ್ಟೆ. ನೀನು ಅದನ್ನು ನಂಬಿ, ಗ್ವೆಂಡಾಳ ಮನೆಗೆ ಹೊರಡುವ ದಿನದವರೆಗೂ ಬೆಳಿಗ್ಗೆ ಬಟ್ಟೆ ಅದ್ದಿ ಹಿಂಡಿ ನನ್ನ ಕಣ್ಣಿಗೆ ಒತ್ತಿದೆ. ಸುಡಬಾರದು ಎಂದು ಮೊದಲು ನಿನ್ನ ಕೆನ್ನೆಗೆ ಮುಟ್ಟಿಸಿ ನೋಡುತ್ತಿದ್ದೆ. ಆಗ ನನಗೆ ನೆಲ ಬಾಯಿ ಬಿಡಬಾರದೇ ಎನಿಸುತ್ತಿತ್ತು.

ಯಾಕೆ ಹೋಗಲಿಲ್ಲ ಎಂದರೆ, ನನಗೆ ಅದೇನೆಂದು ಗೊತ್ತಿತ್ತು, ಗೊತ್ತಿದೆ ಎಂದುಕೊಂಡಿದ್ದೆ. ನಮ್ಮ ಬಿಳಿಮುಖದ ಹಸುಗಳಿಗೆ ಬರುವ ಕಣ್ಣಿನ ಕ್ಯಾನ್ಸರನ್ನು ಮೂವತ್ತು ವರ್ಷದಿಂದ ನಾನೇ ಹುಡುಕುತ್ತಾ ಬಂದವನು. ಕಣ್ಣು ಕೆಟ್ಟದ್ದನ್ನು ಬೇರೆ ಮಾಡುವುದು, ಕಸಾಯಿಖಾನೆಯ ಲಾರಿ ಹತ್ತಿಸುವುದು. ಒಂದಕ್ಕೂ ಇನ್ನೊಂದು ವರ್ಷ ಕೊಟ್ಟವನಲ್ಲ. ನನಗೆ ಮಾತ್ರ ಯಾರು ಕೊಡುತ್ತಾರೆ ಎಂದು ಬಾಯಿ ಮುಚ್ಚಿಕೊಂಡಿದ್ದೆ.

ಕಳೆದ ವಾರ ದನ ಒಟ್ಟುಮಾಡಿದೆವು. ಕಣ್ಣು ನೋಡಿ ಮೂರನ್ನು ಬೇರೆ ಮಾಡಿದೆ. ಬೇಲಿಯ ಮೇಲೆ ಕೂತ ನಮ್ಮ ಆಳು ಕ್ಲ್ಯಾರಿ, ಇಪ್ಪತ್ತು ವರ್ಷದ ಸಲಿಗೆ ಅವನದು, ಸಿಗರೇಟು ಸುತ್ತುತ್ತಾ, "ಈ ಲೆಕ್ಕದಲ್ಲಿ ನಿನ್ನನ್ನೂ ಇದೇ ಲಾರಿಗೆ ಹತ್ತಿಸ್ಬೇಕಲ್ಲ ಮಾರಾಯ" ಅಂದ. ನಾನು ನಗಲು ಹೋದೆ, ಆಗಲಿಲ್ಲ. ಅವನೂ ನಗಲಿಲ್ಲ. ನನ್ನ ಕೈಯಲ್ಲಿದ್ದ ಕೆಲಸ ಕಸಿದುಕೊಂಡು ಪೇಟೆಯ ಡಾಕ್ಟರ ಹತ್ತಿರ ಅಟ್ಟಿದ.

ಡಾಕ್ಟರ್ ನಮ್ಮ ಗ್ವೆಂಡಾಳ ವಯಸ್ಸಿನ ಹೆಣ್ಣುಮಗಳು. ದೀಪ ಹಿಡಿದು ನೋಡಿ, ಅಲ್ಲಿ ರೆಪ್ಪೆಕೂದಲು ಉದುರಿದ್ದು ಯಾವಾಗ ಎಂದು ಕೇಳಿದಳು. ಹಸುಗಳ ರೆಪ್ಪೆ ಎಣಿಸುವವನಿಗೆ ತನ್ನದು ಉದುರಿದ್ದೇ ಗೊತ್ತಿರಲಿಲ್ಲ. ಒಂದು ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದಳು, ನಿನ್ನೆ ಉತ್ತರ ಬಂತು. ಚರ್ಮದ ಕ್ಯಾನ್ಸರೇ. ಆದರೆ ಹಸುಗಳಿಗೆ ಬರುವಂಥದ್ದಲ್ಲ, ನಿಧಾನದ ಜಾತಿ. ಮೈಯ ಬೇರೆ ಕಡೆಗೆ ಹಬ್ಬುವುದು ತೀರಾ ಅಪರೂಪವಂತೆ. ಬಿಟ್ಟರೆ ಮಾತ್ರ ಕೂತಲ್ಲೇ ಒಳಗೆ ಕೊರೆಯುತ್ತಾ ಕಣ್ಣನ್ನೂ ತಿನ್ನುತ್ತದೆ. ಸುತ್ತ ಸ್ವಲ್ಪ ಒಳ್ಳೆ ಚರ್ಮವನ್ನೂ ಸೇರಿಸಿ ತೆಗೆದು, ಅಂಚಿನಲ್ಲಿ ಏನೂ ಉಳಿದಿಲ್ಲ ಎಂದು ನೋಡಿ, ಪಕ್ಕದ ಚರ್ಮ ಎಳೆದು ರೆಪ್ಪೆ ಕಟ್ಟುತ್ತಾರೆ. ಕಣ್ಣು ಉಳಿಯುತ್ತದೆ ಎಂಬ ನಂಬಿಕೆ ಅವಳಿಗಿದೆ. ಟೋಪಿ ಬಿಟ್ಟು ಹೊರಗೆ ಹೋದವನೇ ಅಲ್ಲ ನಾನು ಎಂದೆ. ನೆಲದಿಂದ ಎದ್ದು ಬಡಿಯುವ ಬಿಸಿಲಿಗೆ ಟೋಪಿ ಏನು ಮಾಡುತ್ತದೆ ಎಂದಳು. ಲಾರಿಯ ವಿಷಯವನ್ನೂ ಹೇಳಿಕೊಂಡೆ. ಅವಳು ನನ್ನ ಕೈ ಹಿಡಿದು, "ನೀವು ಹಸು ಅಲ್ಲ, ಎರಲ್. ನಿಮ್ಮನ್ನ ಯಾರೂ ಎಲ್ಲಿಗೂ ಕಳಿಸ್ತಿಲ್ಲ" ಅಂದಳು. ಅಷ್ಟಕ್ಕೇ ಅತ್ತುಬಿಟ್ಟೆ, ನಾಚಿಕೆಗೆಟ್ಟವನು.

ಕೂಸಿಗೆ ಮುತ್ತು, ಗ್ವೆಂಡಾಗೆ ಆಶೀರ್ವಾದ. ನಿನ್ನ ಕ್ಷಮೆ ಕೇಳಲು ಮುಖವಿಲ್ಲ, ಆದರೂ ಕೇಳುತ್ತಿದ್ದೇನೆ.

ನಿನ್ನವನೇ ಆದ
ಎರಲ್

ತಾ.ಕ.: ಟಪಾಲು ಗಾಡಿ ಗೇಟಿಗೆ ಬಂದಿದೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಆಪರೇಷನ್ 16ನೇ ತಾರೀಕು ಗುರುವಾರ, ತೂವೂಂಬಾದ ಆಸ್ಪತ್ರೆಯಲ್ಲಿ. ಕಣ್ಣಿಗೆ ಪಟ್ಟಿ ಕಟ್ಟಿದಾಗ ಜೊತೆಗೆ ಯಾರಿರುತ್ತಾರೆ ಎಂದು ಫಾರಂನಲ್ಲಿ ಕೇಳಿದ್ದರು. ಕ್ಲ್ಯಾರಿ ತಾನು ಬರುತ್ತೇನೆ ಅಂದಿದ್ದ. ನಾನು ನಿನ್ನ ಹೆಸರು ಬರೆದು ಬಂದಿದ್ದೇನೆ. ಹೆದರಿಕೆ ಆಗುತ್ತಿದೆ ಕಣೇ. ಬಾ. ಬೈಯುವುದನ್ನು ಬಂದಮೇಲೆ ಬೈಯಿ.