ಅಣ್ಣನ ದನಿ, ಲ್ಯಾಬಿನ ಹಳೇ ಡಬ್ಬ

ಮಾರ್ಚ್ ೩, ಬೆಳಿಗ್ಗೆ

ಮತ್ತೆ ಅದೇ. ಗುಂಡಿ ಒತ್ತಿ, ಹಲ್ಲುಜ್ಜಿ, ಕಾಫಿ ಕುಡಿದು ಬಂದ್ರೂ ಪರದೆ ಮೇಲೆ ಚಕ್ರ ಸುತ್ತುತ್ತಾನೇ ಇದೆ. ನಮ್ಮ ಪೆಥಾಲಜಿ ಲ್ಯಾಬಿಗೆ ಹೊಸ ಕಂಪ್ಯೂಟರ್ ಬಂದಾಗ ಗುಜರಿಗೆ ಹೊರಟಿದ್ದ ಡಬ್ಬ. ಕೇಳಿ ತಂದೆ. ಎರಡೇ ಜಿಬಿ ಮೆಮೊರಿ. ಅದರ ಮೇಲೆ ಬಣ್ಣಬಣ್ಣದ ಲಿನಕ್ಸ್ ಸಿಸ್ಟಂ... ಮುದುಕನಿಗೆ ಮದುಮಗನ ವೇಷ. ತೆಗೀಬೇಕು.

ಅಣ್ಣನ ಗಂಟಲಿನ ಆಪರೇಷನ್ ಹತ್ತೊಂಬತ್ತಕ್ಕೆ. ಕ್ಯಾನ್ಸರ್ ಗಡ್ಡೆ, ಧ್ವನಿಪೆಟ್ಟಿಗೆ ಪೂರ್ತಿ ತೆಗೀತಾರೆ. ಸಗಟು ಮಾರ್ಕೆಟ್ಟಿನಲ್ಲಿ ತರಕಾರಿ ಹರಾಜು ಕೂಗೋ ಮನುಷ್ಯ — ಇನ್ನು ಮಾತೇ ಇಲ್ಲ ಅಂದ್ರೆ?

ಅದಕ್ಕೇ ಈ ಡಬ್ಬ. ಅವನ ಮಾತೆಲ್ಲ ರೆಕಾರ್ಡ್ ಮಾಡಿ ಇದರಲ್ಲಿಡೋದು. ಅವನು ಕೋಣೆಯಲ್ಲಿ ಫೋನ್ ಒತ್ತಿದ್ರೆ ಅಡುಗೆಮನೆ ಸ್ಪೀಕರಿನಲ್ಲಿ ಅವನದೇ ದನಿ ಬರಬೇಕು. ಹಗಲೂ ರಾತ್ರಿ.

ಮಾರ್ಚ್ ೫

ಲ್ಯಾಬಿನ ಕಂಪ್ಯೂಟರ್ ನೋಡ್ಕೊಳ್ಳೋ ಹುಡುಗ, ನಾನು ಕನ್ನಡಕ ಅಂತ ಕರೆಯೋನು, ನಕ್ಕ. "ಯಾಕೆ ಮೇಡಂ ಇಷ್ಟು ಒದ್ದಾಟ? ಯಾವುದಾದ್ರೂ ಕಂಪನಿಯ ಕ್ಲೌಡಿಗೆ ಹಾಕಿ, ಮರೆತುಬಿಡಿ."

ಅಣ್ಣನಿಗೆ ಹೇಳಿದೆ. ಅವನ ದನಿ ಈಗಲೇ ಗರಗಸ. "ಇಷ್ಟು ವರ್ಷ ಇನ್ನೊಬ್ಬರ ಮಾಲಿಗೆ ಕೂಗಿದೀನಿ. ಉಳಿದದ್ದಾದ್ರೂ ನಮ್ಮನೇಲಿರಲಿ."

ಮುಗೀತು. ಕ್ಲೌಡ್ ಮಾತು ಇನ್ನಿಲ್ಲ.

ಮಾರ್ಚ್ ೮, ಭಾನುವಾರ

ಸರ್ವರಿಗೆಂದೇ ಮಾಡಿದ ಸಿಸ್ಟಂ ಒಂದನ್ನ ಇಳಿಸಿಕೊಂಡೆ. ಎಲ್ಲ ಮೆಚ್ಚಿ ಬರೆದಿದಾರೆ. ಅದಕ್ಕೆ ಎಂಟು ಜಿಬಿ ಬೇಕಂತೆ. ಈ ಡಬ್ಬಕ್ಕೆ ನಾಲ್ಕರ ಮೇಲೆ ಹಿಡಿಯಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು — ಸರಿ.

ಡಬ್ಬದ ಜೊತೆ ಬಂದಿದ್ದ ಹಳೇ ಸಿಸ್ಟಂ ವಾಪಸ್ ಹಾಕಿದೆ. ಓಡ್ತು. ಖುಷಿ ಬಹಳ ಹೊತ್ತು ಇರಲಿಲ್ಲ. ಅದಕ್ಕೆ ಅಪ್‌ಡೇಟ್ ನಿಂತು ಎಷ್ಟು ಕಾಲವಾಯ್ತೋ. ವೈರಿನ ಪ್ಲಗ್ ಕಿತ್ತು ಮತ್ತೆ ಹಾಕಿದೆ, ಕರೆಂಟ್ ಹೋಗಿ ಬಂದ ಹಾಗೆ. ಎದ್ದಿತು, ಪರದೆ ಮೇಲೆ ಏನೋ ಪ್ರಶ್ನೆ ಕೇಳಿ, ಯಾರಾದ್ರೂ ಕೀಲಿ ಒತ್ತಲಿ ಅಂತ ಸುಮ್ಮನೆ ಕೂತಿತು. ನಾನು ಲ್ಯಾಬಲ್ಲಿದ್ದಾಗ ಹೀಗೆ ಕೂತ್ರೆ? ಅಣ್ಣನಿಗೆ ಉಸಿರು ಕಟ್ಟಿದಾಗ?

ಈಗ ಗೊತ್ತಾಯ್ತು ನನಗೇನು ಬೇಕು ಅಂತ. ಚೆಂದ ಬೇಡ. ಬಿದ್ರೆ ತಾನೇ ಏಳೋದು ಬೇಕು.

ಮಾರ್ಚ್ ೧೧

ಡೆಬಿಯನ್. ಇದೂ ಲಿನಕ್ಸೇ, ಹಗುರದ್ದು. ಹಾಕುವಾಗ ಡೆಸ್ಕ್‌ಟಾಪ್ ಬೇಕಾ ಅಂತ ಕೇಳ್ತು. ಗುರುತು ತೆಗೆದೆ. ಕಿಟಕಿ ಇಲ್ಲ, ಚಿತ್ರ ಇಲ್ಲ. ಕಪ್ಪು ಪರದೆ, ಬಿಳಿ ಅಕ್ಷರ.

ಅತ್ತಿಗೆ ಬಾಗಿಲಲ್ಲೇ ನಿಂತರು. "ಕೆಟ್ಟೋಯ್ತಾ?"

"ಇಲ್ಲ ಅತ್ತಿಗೆ. ಈಗ ಸರಿಯಾಯ್ತು."

"ಇದು ಸರಿಯಾಗಿರೋ ಮುಖಾನಾ?"

ಕರೆಂಟ್ ಬಂದ ಕೂಡಲೇ ತಾನೇ ಶುರುವಾಗೋ ಹಾಗೆ ಒಳಗಿನ ಸೆಟ್ಟಿಂಗ್ ಬದಲಿಸಿದೆ. ಪ್ಲಗ್ ಕೀಳೋ ಕೆಲಸ ಅತ್ತಿಗೆಗೆ ಕೊಟ್ಟೆ. ಕಿತ್ತರು, ಹಾಕಿದರು. ಫ್ಯಾನ್ ಗೊರ್ ಅಂತು. ಸ್ವಲ್ಪ ಹೊತ್ತಿಗೆ ಫೋನಿನಲ್ಲಿ ನಾನು ಮಾಡಿಟ್ಟ ಗುಂಡಿಗಳ ಪುಟ ತೆರೀತು. ಡಬ್ಬದಲ್ಲಿ ಯಾರೂ ಏನೂ ಒತ್ತಿಲ್ಲ. "ಇನ್ನೊಂದ್ಸಲ," ಅಂದರು. ಆಮೇಲೆ ನಾನು ಬೇಡ ಅನ್ನೋವರೆಗೂ ಬಿಡಲಿಲ್ಲ.

ಇದೇ. ಇನ್ನು ಹುಡುಕಲ್ಲ.

ಮಾರ್ಚ್ ೧೩

ರೆಕಾರ್ಡಿಂಗ್. ನೀರು, ನೋವು, ಸಾಕು, ಟಿವಿ ಆಫ್ ಮಾಡು... ಅಣ್ಣ ಒಂದೊಂದನ್ನೂ ಗಿರಾಕಿಗೆ ಹೇಳೋ ಹಾಗೆ ಹೇಳಿದ. ಅತ್ತಿಗೆ ಸೊಪ್ಪು ಬಿಡಿಸ್ತಾ ಕೂತಿದ್ದವರು ತಲೆ ಎತ್ತದೇ, "ನನ್ನ ಕರೆಯೋದು ಹೇಳಿಸು ಅವರ ಹತ್ರ."

ಅಣ್ಣ ಅವರನ್ನ ಹೆಸರು ಹಿಡಿದು ಕರೆದವನೇ ಅಲ್ಲ. ನನ್ನ ಮುಖ ನೋಡಿದ. ಕಿವಿ ಕೆಂಪಗಾಯ್ತು. ಆಮೇಲೆ ಮೈಕಿಗೆ ಬಾಗಿ, ಮೆಲ್ಲಗೆ: "ಏ... ಇವಳೇ."

"ಅಷ್ಟು ಮೆತ್ತಗೆ ಯಾವತ್ತು ಕರೆದಿದಾರೆ," ಅಂದರು ಅತ್ತಿಗೆ. ಮತ್ತೊಂದ್ಸಲ ಜೋರಾಗಿ. ಎರಡನ್ನೂ ಇಟ್ಟಿದೀನಿ.

ಮಾರ್ಚ್ ೧೬

ಡಿಸ್ಕಿನಿಂದ ಕಟ್ ಕಟ್ ಸದ್ದು. ಮೊದಲು ಮಾತೆಲ್ಲ ಎರಡು ಪೆನ್‌ಡ್ರೈವಿಗೆ. ಅದಾದ ಮೇಲೆ ಡಿಸ್ಕ್ ಸತ್ತೇ ಹೋಯ್ತು. ಕನ್ನಡಕ ತನ್ನ ಹತ್ರ ಇದ್ದದ್ದೊಂದು ತಂದುಕೊಟ್ಟ. "ಈಗಲಾದ್ರೂ ಬೇರೆ ಸಿಸ್ಟಂ ನೋಡ್ತೀರಾ?"

"ಸತ್ತಿದ್ದು ಡಿಸ್ಕು. ಸಿಸ್ಟಮ್ಮಿಗೆ ಯಾಕೆ ಬೈತೀಯ?"

ಮತ್ತೆ ಡೆಬಿಯನ್. ಕೈಗೆ ದಾರಿ ಗೊತ್ತಿತ್ತು. ಊಟದ ಹೊತ್ತಿಗೆ ಅಣ್ಣ ಮತ್ತೆ ಮಾತಾಡಿದ.

ಮಾರ್ಚ್ ೧೮

ನಾಳೆ. ಬ್ಯಾಗ್ ತುಂಬಿ ಆಯ್ತು. ಅಣ್ಣ ಡಬ್ಬದ ತಲೆ ಸವರಿದ. "ಇದು ನನಗಿಂತ ಮೊದಲು ಹೋಗಲ್ಲ ತಾನೇ?"

"ಹೋದ್ರೆ ಇನ್ನೊಂದು ತರ್ತೀನಿ."

"ಹಟಮಾರಿ."

ಅದು ರೆಕಾರ್ಡ್ ಆಗಲಿಲ್ಲ.

ಏಪ್ರಿಲ್ ೨

ಮನೆಗೆ ಬಂದ. ಕುತ್ತಿಗೆಯಲ್ಲಿ ತೂತು, ಅದರ ಮೇಲೆ ಬಟ್ಟೆ. ತುಟಿ ಆಡ್ತದೆ, ಗಾಳಿ ಬೇರೆ ದಾರೀಲಿ ಹೋಗ್ತದೆ. ನೋಡಲಾರದೆ ಡಬ್ಬದ ಕೇಬಲ್ ಸರಿ ಮಾಡೋ ಹಾಗೆ ಬಗ್ಗಿ ನಿಂತೆ.

ಅಷ್ಟರಲ್ಲಿ ಅಡುಗೆಮನೆ ಸ್ಪೀಕರು. "ಏ ಇವಳೇ." ಜೋರಾಗಿರೋದು.

"ಬಂದೆ," ಅಂದರು ಅತ್ತಿಗೆ, ಅಭ್ಯಾಸಬಲ. ಎರಡು ಹೆಜ್ಜೆ ಹಾಕಿದವರು ನಿಂತು ಗೋಡೆ ಹಿಡ್ಕೊಂಡ್ರು. ಆಮೇಲೆ ಹೋದರು.

ಏಪ್ರಿಲ್ ೬

ಅಣ್ಣ ಫೋನಿನಲ್ಲಿ ಟೈಪ್ ಮಾಡಿ ತೋರಿಸಿದ. "ಒಂದು ಮಾತು ಬಿಟ್ಟುಹೋಗಿದೆ."

"ಯಾವುದು?"

"ಹೆದರಿಕೆ ಆಗ್ತಿದೆ."

ತೆಗೆದ ಗಡ್ಡೆಯ ರಿಪೋರ್ಟ್ ಇನ್ನೂ ಬಂದಿಲ್ಲ. ಬೇರೆ ಎಲ್ಲೆಲ್ಲಿ ಇದೆಯೋ...

"ಟೈಪ್ ಮಾಡಿ ಅತ್ತಿಗೆಗೇ ತೋರ್ಸು," ಅಂದೆ. ತಲೆ ಅಲ್ಲಾಡಿಸಿದ. ಬರೆದ: "ಕೇಳಿಸಬೇಕು. ನೀನು ಹೇಳು."

ಮೊದಲ ಸಲ ಅರ್ಧಕ್ಕೇ ಮೈಕ್ ಆಫ್ ಮಾಡಿದೆ. ಎರಡನೇ ಸಲ ಬಂತು. ಅವನ ಗುಂಡಿಗಳ ಕೆಳಗೆ ನನ್ನದೊಂದು ಗುಂಡಿ.

ಏಪ್ರಿಲ್ ೭, ಸಂಜೆ

ಲ್ಯಾಬಿಂದ ಬಂದು ಚಪ್ಪಲಿ ಬಿಡ್ತಿದ್ದೆ. ಸ್ಪೀಕರಿನಲ್ಲಿ ನನ್ನ ದನಿ: ಹೆದರಿಕೆ ಆಗ್ತಿದೆ. ಅತ್ತಿಗೆ ನನ್ನ ಕಡೆ ತಿರುಗಿದರು. ನಾನಲ್ಲ ಅಂತ ಕೈಯಾಡಿಸಿದೆ. ಒಲೆ ಆರಿಸಿ ಕೋಣೆಗೆ ಹೋದರು. ಬಾಗಿಲು ಮುಚ್ಚಿತು. ಒಳಗಿಂದ ಅವರ ಒಬ್ಬರದೇ ಮಾತು, ಬಹಳ ಹೊತ್ತು.

ಅನ್ನ ನಾನೇ ಇಳಿಸಿದೆ.

ಏಪ್ರಿಲ್ ೧೦

ರಿಪೋರ್ಟ್ ಬಂತು. ಓದೋದು ನನ್ನ ಕಸುಬು, ಆದರೂ ಮೂರು ಸಲ ಓದಿದೆ. ಕೊಯ್ದ ಅಂಚಿನಲ್ಲಿ ಏನೂ ಇಲ್ಲ. ಕತ್ತಿನ ಗಂಟುಗಳಲ್ಲೂ ಇಲ್ಲ. ಹರಡಿಲ್ಲ. ಅಣ್ಣ ಫೋನಿನಲ್ಲಿ ಕೈಗೆ ಸಿಕ್ಕಿದ್ದೆಲ್ಲ ಒತ್ತಿದ — ನೀರು, ಸಾಕು, ಟಿವಿ ಆಫ್ ಮಾಡು. ಅತ್ತಿಗೆ ಅಳ್ತಾ ನಕ್ಕರು.

ಏಪ್ರಿಲ್ ೧೨

ಇನ್ನೂ ಐದಾರು ಮಾತು ಬೇಕಂತೆ, ನನ್ನ ದನೀಲೇ. ಮೈಕ್ ತಾನೇ ಜೋಡಿಸಿ ಕೂತಿದಾನೆ. ಮೊದಲನೇದು ಟೈಪ್ ಮಾಡ್ತಿದಾನೆ, ನಿಧಾನ, ಒಂದೇ ಬೆರಳು. ಓದ್ತಿದೀನಿ... "ಹೇ ಹುಡುಗಿ, ನೀನೂ ಸ್ವಲ್ಪ ಮಲಗು." ನನಗೇ ಹೇಳ್ತಿದಾನೆ, ನನ್ನ ದನೀಲೇ.