ಇನ್ನು ಹೊಸ ಖಾತೆ ಬೇಡ

ಕಾಟ್ಟಿಕುಳಂ
ಭಾನುವಾರ

ದಿಯಾ ಎಂಬ ಹೆಸರಿನಲ್ಲಿ ನನ್ನ ಅಪ್ಪನಿಗೆ ಮೆಸೇಜು ಕಳಿಸುತ್ತಿದ್ದವರಿಗೆ,

ಕಳೆದ ತಿಂಗಳಿಂದ ಅಪ್ಪನ ಫೋನಿನಲ್ಲಿ ನಿಮಗೆ ಉತ್ತರಿಸುತ್ತಿರುವುದು ನಾನು, ಅವರ ಮಗಳು.

ನಮ್ಮಲ್ಲಿ ಬೆಳೆಗಾರರು ಒಣಗಿಸಿದ ಕರಿಮೆಣಸನ್ನು ಬೆಲೆ ಮಾತಾಡದೆ ವ್ಯಾಪಾರಿಯ ಬಳಿ ಬಿಟ್ಟು ಬರುತ್ತಾರೆ. ದರ ಏರಿದ ದಿನ ಹೋಗಿ ಹಣ ಪಡೆಯುತ್ತಾರೆ. ನೀವು ಹಣ ಹಾಕಲು ಹೇಳಿದ ಕ್ರಿಪ್ಟೊ ಆ್ಯಪನ್ನು ನಾನು ಅನುಮಾನಿಸಿದಾಗ ಅಪ್ಪ, ತಾವು ಚೇಟ್ಟ ಅಂದರೆ ಅಣ್ಣ ಎಂದೇ ಕರೆಯುವ ನಮ್ಮ ಮೆಣಸಿನ ವ್ಯಾಪಾರಿಯ ಮಾತೆತ್ತಿ ನಕ್ಕರು. "ಸಜೀವನ್ ಚೇಟ್ಟನ ಅಂಗಡೀಲಿ ಮೆಣ್ಸು ಮಡಗ್ದಂಗೇ ಕಣವ್ವ. ಚೇಟ್ಟ ಯಾವತ್ತಾರ ಮೋಸ ಮಾಡವ್ರಾ?" ಮೊದಲ ಸಲ ಅಪ್ಪ ಕೇಳಿದಷ್ಟು ಹಣವನ್ನು ನೀವು ವಾಪಸು ಕೊಟ್ಟದ್ದು ಆ ನಂಬಿಕೆಯನ್ನು ಗಟ್ಟಿಮಾಡಲೆಂದೇ. ಆಮೇಲೆ ಅವರು ಈ ವರ್ಷದ ಮೆಣಸಿನ ಹಣವನ್ನೆಲ್ಲ ಹಾಕಿದರು. ತೆಗೆಯಲು ಹೋದಾಗ ನೀವು ಬರೆದಿರಿ: ಖಾತೆ ಫ್ರೀಜ್ ಆಗಿದೆ, ಹಣ ಸುರಕ್ಷಿತವಾಗಿದೆ, ಮೊದಲು ತೆರಿಗೆ ಕಟ್ಟಿ.

ಅಪ್ಪ ಈಗ ಸಜೀವನ್ ಚೇಟ್ಟನ ಅಂಗಡಿಯ ಮುಂದೆ ನಡೆಯುವುದಿಲ್ಲ. ಅವರನ್ನು ನಿಮಗೆ ಹೋಲಿಸಿದ್ದಕ್ಕೆ ನಾಚಿ, ಬಸ್ ಹತ್ತಲು ಸುತ್ತುದಾರಿ ಹಿಡಿಯುತ್ತಾರೆ.

ತೆರಿಗೆ ಕಟ್ಟುತ್ತೇನೆ, ಆದರೆ ಹಣ ಹೋಗುತ್ತಿಲ್ಲ, ಬೇರೆ ಬ್ಯಾಂಕ್ ಖಾತೆ ಕೊಡಿ ಎಂದು ನಾನು ಮತ್ತೆ ಮತ್ತೆ ಕೇಳಿದೆ. ನೀವು ಬೇಸರಿಸದೆ ಕೊಟ್ಟಿರಿ. ಒಂದೊಂದನ್ನೂ ಸೈಬರ್ ಪೊಲೀಸರಿಗೆ ಒಪ್ಪಿಸುತ್ತಾ ಬಂದೆ. ಕೊನೆಯದನ್ನೂ ತಡೆಹಿಡಿದೆವೆಂದು ಅವರು ನಿನ್ನೆ ತಿಳಿಸಿದರು.

ಇನ್ನು ಹೊಸ ಖಾತೆ ಕಳಿಸಬೇಡಿ. ಹಳೆಯವು ಫ್ರೀಜ್ ಆಗಿವೆ. ನಿಮ್ಮ ಹಣ ಸುರಕ್ಷಿತವಾಗಿದೆ.

ಮೊದಲು ತೆರಿಗೆ ಕಟ್ಟಿ.

ಇಂತಿ,
ಶಿವನಂಜಪ್ಪನವರ ಮಗಳು
ಸುಗುಣ