ಹಸಿದ ಕೌದಿ

ಡೊಂಬಿವಲಿ (ಪೂರ್ವ)
೧೭ ನವೆಂಬರ್ ೨೦೨೪, ರವಿವಾರ

ಪ್ರೀತಿಯ ಅವ್ವಾ,

ನಿನ್ನ ಮೊಣಕಾಲು ಈಗ ಹೇಗಿದೆ? ಕಳಂಬೋಲಿಯ ಆ ಬಿಲ್ಡಿಂಗಿಗೆ ಲಿಫ್ಟ್ ಇಲ್ಲ, ಆದರೂ ನೀನು ಕೊತ್ತಂಬರಿಗೆಂದು ದಿನಾ ಎರಡು ಸಲ ಇಳಿದು ಹತ್ತುತ್ತೀಯಂತೆ. ಕೈಲಾಸ ಹೇಳಿದ. ಅವನನ್ನೇ ಓಡಿಸು, ತಮ್ಮನ ಹೊಟ್ಟೆಯೂ ಸ್ವಲ್ಪ ಕರಗಲಿ. ಕಣ್ಣಿನ ಹನಿ ಮರೆಯಬೇಡ. ಪೂನಂಗೆ ಒಂಬತ್ತು ತಿಂಗಳು ತುಂಬುತ್ತಾ ಬಂತು, ಕಾಲಿನ ಬಾವು ಇಳಿದಿದೆಯೇ? ಚೊಚ್ಚಲು, ಒಳಗೊಳಗೇ ಹೆದರಿರುತ್ತಾಳೆ. ಸೊಸೆಯೆಂದು ಗದರಬೇಡ. ಇಲ್ಲಿ ನಾನು, ಮಕ್ಕಳು ಎಲ್ಲರೂ ಚೆನ್ನಾಗಿದ್ದೇವೆ.

ಮಗಳು ಫೋನು ಬಿಟ್ಟು ಪತ್ರ ಬರೆದಿದ್ದಾಳೆಂದರೆ ಏನೋ ಎಡವಟ್ಟು ಮಾಡಿಕೊಂಡಿದ್ದಾಳೆ ಎಂದು ನಿನಗೆ ಇಷ್ಟರಲ್ಲೇ ವಾಸನೆ ಬಡಿದಿರುತ್ತದೆ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ನನ್ನ ಬಾಯಿಗೆ ಸುಳ್ಳೇ ಬರುತ್ತದೆ. ಅದಲ್ಲದೆ ಆ ಮನೆಯಲ್ಲಿ ಕನ್ನಡ ಓದುವವಳು ನೀನೊಬ್ಬಳೇ. ನೀನು ಪಾಟಿಯ ಮೇಲೆ ಅಕ್ಷರ ತಿದ್ದಿಸುವಾಗ ಕೈಲಾಸ ಬ್ಯಾಟು ಹಿಡಿದು ಓಡುತ್ತಿದ್ದ, ಈಗ ಅದೇ ನನಗೆ ಅನುಕೂಲವಾಗಿದೆ.

ಕೌದಿಯ ವಿಷಯ ಅವ್ವಾ. “ಕೂಸಿಗೆ ಕೌದಿ ತಗೊಂಡ ಬಾರವ್ವ” ಎಂದು ನೀನು ನಾಲ್ಕು ಸಲ ಹೇಳಿದೆ. ಒಮ್ಮೆ ನಾನು ಡ್ರೈಕ್ಲೀನಿಂಗಿಗೆ ಕೊಟ್ಟಿದ್ದೇನೆ ಎಂದೆ, ಇನ್ನೊಮ್ಮೆ ಅಂಗಡಿಯವನು ಊರಿಗೆ ಹೋಗಿದ್ದಾನೆ ಎಂದೆ. ಅಂಗಡಿಯೂ ಇಲ್ಲ, ಅಂಗಡಿಯವನೂ ಇಲ್ಲ. ಕೈಲಾಸ, ಆಮೇಲೆ ನನ್ನ ಎರಡೂ ಮಕ್ಕಳು ಮೊದಲು ಮಲಗಿದ ಆ ಕೌದಿ ಈಗ ನಮ್ಮ ವಿಶ್ವವಿದ್ಯಾಲಯದ ಬಟ್ಟೆ ಸಂಗ್ರಹದಲ್ಲಿದೆ. ನಾನೇ ಕೊಟ್ಟೆ. ನಿನ್ನನ್ನು ಕೇಳಲಿಲ್ಲ.

ನಮ್ಮ ವಿಭಾಗದಲ್ಲಿ ಒಂದು ಕೋಣೆ ತುಂಬ ಹಳೆಯ ಬಟ್ಟೆಗಳಿವೆ ಎಂದು ನಿನಗೆ ಹೇಳಿದ್ದೆನಲ್ಲ. ಇಳಕಲ್ಲಿನ ಸೆರಗು, ಗುಳೇದಗುಡ್ಡದ ಖಣ, ಪೈಠಣಿಯ ಅಂಚು. ವಿನ್ಯಾಸ ಕಲಿಯುವ ಹುಡುಗರು ಚಿತ್ರ ನೋಡಿದರೆ ಸಾಲದು, ಬಟ್ಟೆ ಮಗುಚಿ ಹಿಂಬದಿಯ ಹೊಲಿಗೆ ನೋಡಬೇಕು, ಎಳೆ ಎಣಿಸಬೇಕು. ಆ ಪಾಠ ನನ್ನದು. ನಾನೂರು ಬಟ್ಟೆಗಳಲ್ಲಿ ಒಂದೂ ಕೌದಿ ಇಲ್ಲವೆಂದು ಜುಲೈನಲ್ಲಿ ನಮ್ಮದನ್ನು ಒಂದು ದಿನದ ಮಟ್ಟಿಗೆ ಹೊತ್ತೊಯ್ದೆ. ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಒಬ್ಬಾಕೆ, ಮನೆ ಖಾಲಿ ಮಾಡಿದಿರಾ ಎಂದು ಕೇಳಿದಳು. ಠಾಣೆ ಸ್ಟೇಷನ್ನಿನಲ್ಲಿ ಗಾಡಿ ಬದಲಿಸುವಾಗ ಗಂಟು ಎದೆಗವಚಿಕೊಂಡು ಓಡಿದೆ.

ಇಪ್ಪತ್ತು ಮಕ್ಕಳು ಕೈ ತೊಳೆದುಕೊಂಡು ಮೇಜಿನ ಸುತ್ತ ನಿಂತರು. ನಿನ್ನ ಮದುವೆಯ ಸೀರೆ, ಅಪ್ಪನ ಗಿರಣಿಯ ಅಂಗಿ, ಒಂದೊಂದೇ ತೋರಿಸುತ್ತಾ ನಾನು ಉಬ್ಬಿಹೋದೆ. ವರ್ತಕ ನಗರದಿಂದ ಬರುವ ಸೌಜನ್ಯ ಎಂಬ ಹುಡುಗಿ ಇದ್ದಾಳೆ, ಉಡುಪಿ ಕಡೆಯ ಹೋಟೆಲಿನವರ ಮಗಳು, ಕನ್ನಡ ಅರ್ಥವಾದರೂ ಹಿಂದಿಯಲ್ಲೇ ಉತ್ತರಿಸುವವಳು. ಅವಳು ಮೂಲೆ ಮುಟ್ಟಿ, ಒಳಗೆ ಏನೋ ಗಟ್ಟಿಯಾಗಿ ಕೈಗೆ ತಗುಲಿ, “ಮ್ಯಾಮ್, ಇಸ್ ಕೋನೇ ಮೇ ಕುಛ್ ಹೈ” ಎಂದಳು. ಕೊನೆಯ ಮೂಲೆ ಮುಚ್ಚುವ ಮೊದಲು ನೀನು ಐದು ಜೋಳದ ಕಾಳು ಹಾಕಿ ಕೌದಿಯ ಹೊಟ್ಟೆ ತುಂಬಿಸಿದ್ದನ್ನು ಹೇಳಿದೆ. “ಹಸದ ಕೌದಿ ಮ್ಯಾಲ ಕೂಸಿನ್ನ ಮಲಗಿಸಬಾರದು” ಎನ್ನುವ ನಿನ್ನ ಮಾತನ್ನೂ ಹೇಳಿದೆ. ಮಕ್ಕಳು ಬರೆಯುವುದನ್ನು ನಿಲ್ಲಿಸಿ ಕೇಳಿದರು.

ಆಗ ಯಾರೋ ನಡುವಿನ ಬಿಳಿ ತುಂಡಿನ ಬಗ್ಗೆ ಕೇಳಿದರು. ಬಣ್ಣಗಳ ನಡುವೆ ಕಣ್ಣಿಗೆ ವಿಶ್ರಾಂತಿ ಕೊಡುವ ವಿನ್ಯಾಸ ಎಂದುಬಿಟ್ಟೆ. ಇಪ್ಪತ್ತೂ ಜನ ಬರೆದುಕೊಂಡರು. ಅಪ್ಪನ ಹೊಸ ಧೋತರವನ್ನು ಆರು ವರ್ಷದ ನಾನು ಗೊಂಬೆಯ ಸೀರೆಗೆಂದು ಕತ್ತರಿಸಿದ್ದು, ಅಪ್ಪ ಬಂದಾಗ ನೀನು “ನಾನ ಕತ್ತರಿಸೇನ್ರಿ, ಕೌದಿಗೆ ಬೇಕಾಗಿತ್ತು” ಎಂದಿದ್ದು ಹೇಗೆ ಹೇಳಲಿ? ಹೊಸ ಬಟ್ಟೆಯನ್ನು ಯಾರಾದರೂ ಕೌದಿಗೆ ಹಾಕುತ್ತಾರೆಯೇ ಎಂದು ಅಪ್ಪ ನಿನ್ನೊಡನೆ ಎರಡು ದಿನ ಮಾತು ಬಿಟ್ಟರು. ಆಡಿದ ಸುಳ್ಳನ್ನು ನಿಜ ಮಾಡಲು ನೀನು ಆ ತುಂಡನ್ನು ನಟ್ಟನಡುವೆ ಹೊಲಿದೆ. ನಾನು ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಸೂಜಿಗೆ ದಾರ ಪೋಣಿಸಿಕೊಟ್ಟೆ.

ಪಾಠ ಮುಗಿಯುವಾಗ ನಮ್ಮ ಮುಖ್ಯಸ್ಥೆ ಜಯಲತಾ ಮೇಡಂ ಬಂದರು. “ಮನೆಯಲ್ಲಿಟ್ರೆ ಹುಳ ತಿಂದು ಹೋಗ್ತದೆ ಮಾರಾಯ್ತಿ, ಇಲ್ಲಿ ಕೊಡಿ, ನೂರು ವರ್ಷ ಇರ್ತದೆ” ಎಂದರು. ಅವರದೇನೂ ತಪ್ಪಿಲ್ಲ, ಕೌದಿ ನನ್ನದೆಂದೇ ತಿಳಿದಿದ್ದರು. ಮಕ್ಕಳ ಎದುರು ದೊಡ್ಡವಳಾಗುವ ಆಸೆಗೆ ನಾನು ಫಾರ್ಮಿನಲ್ಲಿ ಮಾಲೀಕಳೆಂದು ನನ್ನ ಹೆಸರು ಬರೆದೆ. ಹೊಲಿದವರು ಯಾರು ಎಂಬಲ್ಲಿ ‘ಉತ್ತರ ಕರ್ನಾಟಕದ ಹಳ್ಳಿಯ ಹೆಣ್ಣುಮಕ್ಕಳು, ಹೆಸರು ತಿಳಿದಿಲ್ಲ’ ಎಂದು ಬರೆದೆ. ಡೊಂಬಿವಲಿಯ ಚಾಳಿನ ಗ್ಯಾಲರಿಯಲ್ಲಿ ಕೂತು ಕಾಶವ್ವ ಹೊಲಿದದ್ದು ಎಂದರೆ ಬೆಲೆ ಕಡಿಮೆಯಾದೀತು ಅನ್ನಿಸಿತು. ಆ ಸಾಲು ನೆನಪಾದಾಗಲೆಲ್ಲ ನನಗೆ ನನ್ನ ಮೇಲೇ ಹೇಸಿಗೆಯಾಗುತ್ತದೆ.

ಮರುವಾರ, ಒಳಗೆ ಕಾಳು ಇದ್ದರೆ ಬೇರೆ ಬಟ್ಟೆಗಳಿಗೂ ಹುಳ ಹತ್ತುತ್ತದೆ, ತೆಗೆಯಲೇಬೇಕು ಎಂದು ಮೇಡಂ ಹೇಳಿದರು. ಅದು ಅಲ್ಲಿಯ ನಿಯಮ, ನಾನೇ ಮಕ್ಕಳಿಗೆ ಕಲಿಸುವ ನಿಯಮ. ಮಕ್ಕಳ ಮುಂದೆ ನಾನೇ ಮೂಲೆ ಬಿಚ್ಚಿದೆ. ಐದು ಕಾಳು ಕಾಗದದ ಮೇಲೆ ಬಿದ್ದವು. ಸೌಜನ್ಯ ಮೊದಲ ಸಲ ಕನ್ನಡದಲ್ಲಿ ಕೇಳಿದಳು: “ಈಗ ಕೌದಿಗೆ ಹಸಿವು ಆಗುದಿಲ್ವಾ ಮ್ಯಾಮ್?” ನಾನು, ಒಂದು ಗೇಣಿಗೆ ಎಷ್ಟು ಹೊಲಿಗೆ ಇದೆ ಎಣಿಸಿ ಎಂದೆ.

ಪೂನಂಗೆ ಸುಖವಾಗಿ ಹೆರಿಗೆಯಾಗಲಿ ಎಂದು ದಿನಾ ದೇವರಿಗೆ ಕೈ ಮುಗಿಯುತ್ತಿದ್ದೇನೆ. ಕೈಲಾಸನಿಗೆ ಅಕ್ಕ ನೆನೆದಳೆಂದು ತಿಳಿಸು. ನಿನ್ನ ಕಾಲಿಗೆ ನಮಸ್ಕಾರ.

ನಿನ್ನ
ಮಯೂರಿ

ತಾ.ಕ.: ಶುಕ್ರವಾರ ಜಯಲತಾ ಮೇಡಂ ಹತ್ತಿರ ಕೌದಿ ವಾಪಸು ಕೇಳಿದೆ. ಕೊಟ್ಟದ್ದು ಹಿಂದಕ್ಕೆ ಬರುವುದಿಲ್ಲವಂತೆ. ಕೊಟ್ಟವಳು ಮಾಲೀಕಳೇ ಅಲ್ಲ ಎಂದಾದರೆ ಮಾತ್ರ ಬರುತ್ತದೆ, ಅದನ್ನು ನಿಜವಾದ ಮಾಲೀಕರು ಬರೆದು ಕೊಡಬೇಕು. ಇದರೊಳಗೆ ಬಿಳಿ ಹಾಳೆ, ವಿಳಾಸ ಬರೆದ ಲಕೋಟೆ ಇಟ್ಟಿದ್ದೇನೆ. ನಾನು ಕಾಶವ್ವ, ಇದನ್ನು ಹೊಲಿದವಳು ನಾನು, ಮಗಳು ನನ್ನನ್ನು ಕೇಳದೆ ಕೊಟ್ಟಳು ಎಂದು ಬರೆ. ನಾನೇ ಕೊಡು ಅಂದಿದ್ದೆ, ವಯಸ್ಸಾಯಿತು ಮರೆತೆ ಎಂದು ಮಾತ್ರ ಬರೆಯಬೇಡ. ನಿನ್ನ ಪೆನ್ನಿಗೆ ಮೊದಲು ಬರುವುದು ಅದೇ ಎಂದು ನನಗೆ ಗೊತ್ತು. ಆಫೀಸಿನಲ್ಲಿ ನನ್ನನ್ನು ಕರೆದು ಕೇಳುತ್ತಾರೆ, ಕೇಳಲಿ. ಈ ಸಲ ಕತ್ತರಿಸಿದವಳು ನಾನು ಎಂದು ನಾಲ್ಕು ಜನಕ್ಕೆ ಗೊತ್ತಾಗಬೇಕು. ಕೌದಿ ಬಂದ ದಿನವೇ ಹೊಸ ಜೋಳ ತರುತ್ತೇನೆ. ಹೊಟ್ಟೆ ನೀನೇ ತುಂಬಿಸು, ಸೂಜಿಗೆ ದಾರ ನಾನು ಪೋಣಿಸಿಕೊಡುತ್ತೇನೆ.